ಗುಳಿಗೆ ಕರಗುವವರೆಗೆ

ಕಳೆದ ವಾರ ಹೊಸ ತೊಗರಿಬೇಳೆ ತರಲೆಂದು ಬಹಳ ದಿನಗಳ ಮೇಲೆ ಬೀದರಿನ ಗಾಂಧಿ ಗಂಜಿಗೆ, ಎಂದರೆ ಧಾನ್ಯದ ಪೇಟೆಗೆ, ಹೋಗಿದ್ದೆ. ಲಾರಿಗಳ ಸಾಲಿನ ನಡುವೆ ಕಾಲಿಟ್ಟ ಕೂಡಲೇ ತೊಗರಿಯ ಧೂಳು, ಹೊಸ ಗೋಣಿಚೀಲದ ಎಣ್ಣೆವಾಸನೆ ಎರಡೂ ಒಟ್ಟಿಗೆ ಮೂಗಿಗೆ ಅಡರಿ, ಸಾಲಾಗಿ ನಾಲ್ಕು ಸಲ ಸೀನಿದೆ. ಹದಿನಾರು ವರ್ಷ ಇದೇ ಧೂಳಿನಲ್ಲಿ ಔಷಧದ ಅಂಗಡಿ ನಡೆಸಿದವಳು ನಾನು. ಆಗ ಒಂದು ದಿನವೂ ಸೀನಿದವಳಲ್ಲ. ಅಂಗಡಿಯನ್ನು ಊರಿನ ಇನ್ನೊಂದು ತುದಿಗೆ ಎತ್ತಿಕೊಂಡು ಹೋದ ಮೇಲೆ ಮೂಗಿಗೂ ದೊಡ್ಡಸ್ತಿಕೆ ಬಂದಿದೆ. ಹಿಂದಿನಿಂದ ಚೀಲ ಹೊತ್ತು ಓಡಿ ಬರುತ್ತಿದ್ದವನೊಬ್ಬ "ಬಾಜೂ ಸರೀರಿ ಅಕ್ಕಾ!" ಎಂದು ಕೂಗಿದ. ನಾನು ಗೋಡೆಗೆ ಒರಗಿ ನಿಂತೆ, ಮತ್ತೆ ಬಹಳ ಹೊತ್ತು ಅಲ್ಲಿಂದ ಕದಲಲಿಲ್ಲ. ಆ ಒಂದು ವರ್ಷದ ಸುಗ್ಗಿ ಕಣ್ಣ ಮುಂದೆ ಬಂದುಬಿಟ್ಟಿತ್ತು.

ಗಂಜಿನ ಹಮಾಲರಿಗೆಲ್ಲ ನಾನು ಮೆಡಿಕಲ್ ಅಕ್ಕಾ. ಕೆಲವರು ಡಾಕ್ಟ್ರೇ ಎಂದೂ ಕರೆಯುತ್ತಿದ್ದರು, ನಾನೂ ಬೇಡ ಎನ್ನುತ್ತಿರಲಿಲ್ಲ. ನನ್ನ ಅಂಗಡಿಯ ಎದುರಿಗೇ ಮುಕಾದಮ್ ಖಾಜಾಮಿಯಾ ಅವರ ಟೋಳಿ ಕೂಡುತ್ತಿತ್ತು. ಟೋಳಿಯೆಂದರೆ ಹತ್ತು ಹನ್ನೆರಡು ಹಮಾಲರ ಗುಂಪು. ಲಾರಿ ತುಂಬುವುದು, ಇಳಿಸುವುದು, ಉಣ್ಣುವುದು, ಬೈದಾಡುವುದು ಎಲ್ಲ ಒಟ್ಟಿಗೇ. ಖಾಜಾಮಿಯಾ ಅವರಿಗೆ ಅರವತ್ತು ದಾಟಿತ್ತು. ಬೆಳ್ಳಗಾದ ಗಡ್ಡ, ಹೆಗಲ ಮೇಲೊಂದು ಚೌಕಳಿಯ ವಸ್ತ್ರ. ಮುಕಾದಮರಾದ ಮೇಲೆ ನೆರಳಲ್ಲಿ ಕುಳಿತು ಹುಕುಂ ಮಾಡಬಹುದಿತ್ತು. ಅವರು ಮಾತ್ರ ಹುಡುಗರ ಸಮಕ್ಕೆ ಚೀಲ ಹೊರುತ್ತಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ, ಅವರು ನನ್ನನ್ನು ಬೇಟಿ ಎನ್ನುತ್ತಿದ್ದರು.

ಮಳೆಗಾಲದ ಕೊನೆಗೆ ಹೆಸರು, ಉದ್ದು ಬರುತ್ತದೆ. ಅದರ ಬೆನ್ನಿಗೇ ಸೋಯಾ, ಸಂಕ್ರಾಂತಿಯ ಹೊತ್ತಿಗೆ ತೊಗರಿ. ಒಂದು ಲಾರಿ ಖಾಲಿಯಾಗುವಷ್ಟರಲ್ಲಿ ಇನ್ನೆರಡು ಬಂದು ನಿಲ್ಲುತ್ತವೆ. ಆ ದಿನಗಳಲ್ಲಿ ಹಮಾಲರ ಸೊಂಟ, ಕುತ್ತಿಗೆ, ಮೊಣಕಾಲು ಯಾವುದೂ ಅವರ ಮಾತು ಕೇಳುತ್ತಿರಲಿಲ್ಲ. ನೋವಿಗೆ ಒಂದು ಕ್ಯಾಪ್ಸೂಲು ಇತ್ತು. ಅದು ಅಫೀಮಿನ ಬಳಗದ್ದು. ನೋವು ಕಡಿಮೆಯಾಗುವುದರ ಜೊತೆಗೆ ಮೈ ಹಗುರಾಗುತ್ತದೆ, ದಣಿವು ಗೊತ್ತಾಗುವುದಿಲ್ಲ. ಡಾಕ್ಟರ ಚೀಟಿಯಿಲ್ಲದೆ ಅದನ್ನು ಕೊಡಬಾರದು ಎಂಬುದು ನಾನು ಪರೀಕ್ಷೆಯಲ್ಲಿ ಬರೆದು ಪಾಸಾದ ವಿಷಯವೇ. ಆದರೂ ಕೊಟ್ಟೆ. ಯಾರದೋ ಹಳೆಯ ಚೀಟಿಯೊಂದನ್ನೇ ಹತ್ತು ಜನ ತಂದು ತೋರಿಸಿದರೂ ಕಣ್ಣು ಮುಚ್ಚಿಕೊಂಡೆ. ಪಾಪ, ದುಡಿಯುವ ಜನ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ವ್ಯಾಪಾರವೂ ಆಗುತ್ತಿತ್ತು, ಅದನ್ನೇಕೆ ಮುಚ್ಚಿಡಲಿ?

ಟೋಳಿಯಲ್ಲಿ ಮಾರುತಿ ಎಂಬುವನಿದ್ದ. ಔರಾದ ತಾಲೂಕಿನ ಎಕಂಬಾದವನು, ಕುರಿ ಸಾಕುವ ಮನೆತನ. ಹೆಂಡತಿ ರುಕ್ಮಿಣಿ ಊರಲ್ಲೇ ಇದ್ದು ಕುರಿ, ಹೊಲ, ಇಬ್ಬರು ಹೆಣ್ಣುಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಮಾರುತಿ ಎತ್ತರದ ಆಳು. ಲಾರಿಯ ಮೇಲಿನ ಥಪ್ಪಿಯಿಂದ ಚೀಲ ಇಳಿಸಲು ಅವನೇ ಬೇಕು. ದಸರೆಗೆ ಸ್ವಲ್ಪ ಮೊದಲು, ಒಂದು ಮಧ್ಯಾಹ್ನ, ಉದ್ದಿನ ಚೀಲ ಬೆನ್ನ ಮೇಲಿರುವಾಗಲೇ ಅವನು ಫಿಟ್ಸ್ ಬಂದು ಬಿದ್ದ. ನಾನು ಓಡಿ ಹೋಗುವಷ್ಟರಲ್ಲಿ ಯಾರೋ ಚೀಲ ಎಳೆಯುವ ಕಬ್ಬಿಣದ ಕೊಕ್ಕೆಯನ್ನೇ ಅವನ ಮುಷ್ಟಿಗೆ ತುರುಕಲು ನೋಡುತ್ತಿದ್ದರು. ಬೈದು ಬಿಡಿಸಿ, ಮಗ್ಗುಲಾಗಿ ಮಲಗಿಸಿ, ಟಂಟಂನಲ್ಲಿ ದೊಡ್ಡ ದವಾಖಾನೆಗೆ ಕಳಿಸಿದೆವು.

ಎರಡನೆಯ ದಿನ ರುಕ್ಮಿಣಿ ಅಂಗಡಿಗೆ ಬಂದಳು. ಅದಕ್ಕೆ ಮೊದಲು ನಾನು ಅವಳನ್ನು ನೋಡಿದವಳಲ್ಲ. ಸೆರಗಿನ ಗಂಟು ಬಿಚ್ಚಿ ಕೌಂಟರಿನ ಮೇಲೆ ಸುರಿದಳು. ಕ್ಯಾಪ್ಸೂಲಿನ ಖಾಲಿ ಪಟ್ಟಿಗಳು. ಗಂಡನ ಕೋಣೆಯಲ್ಲಿ, ಹಾಸಿಗೆಯ ಕೆಳಗೆ ಸಿಕ್ಕವಂತೆ.

"ಅಕ್ಕಾ, ಇವೆಲ್ಲಾ ನಿಮ್ಮ ಅಂಗಡೀವೇ ಏನ್ರಿ?"

"ಎಲ್ಲಾ ಅಲ್ಲವ್ವಾ" ಎಂದೆ.

"ಎಲ್ಲಾ ಅಲ್ಲ ಅಂದ್ರ ಒಂದಿಷ್ಟರೆ ಅವ ಅಂದಂಗಾಯ್ತಲ್ರಿ." ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. "ನನಗ ಜಗಳಾಡ್ಲಿಕ್ಕ ಪುರಸೊತ್ತಿಲ್ರಿ, ಕುರಿ ಬಿಟ್ಟು ಬಂದೀನಿ. ಮನುಷ್ಯಾ ಇದು ಇಲ್ಲಂದ್ರ ಮುಂಜಾನಿ ಏಳಂಗಿಲ್ಲ. ಮೂಗು ಸೋರ್ತದ, ಕಾಲು ಸೆಳೀತಾವ, ಹೊಟ್ಟಿ ಹಿಡಕೊಂಡು ಹೊರಳಾಡ್ತಾನ. ಇದಕ್ಕ ಮದ್ದ ಅದನೋ ಇಲ್ಲೋ, ಅಷ್ಟ್ ಹೇಳ್ರಿ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನನ್ನೇ ಉಪಾಯ ಕೇಳಿದಳಲ್ಲ, ಅದಕ್ಕೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅಂಗಡಿ ಮುಚ್ಚಿ ಅವಳ ಜೊತೆ ದವಾಖಾನೆಗೆ ಹೋದೆ.

ಅಲ್ಲಿ ಚಟ ಬಿಡಿಸುವ ವಿಭಾಗದಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು, ಚಿಕ್ಕ ವಯಸ್ಸು, ನಿಧಾನದ ಮಾತು. ಕ್ಯಾಪ್ಸೂಲು ಅತಿಯಾದದ್ದರಿಂದಲೇ ಫಿಟ್ಸ್ ಬಂದಿದೆ ಎಂದರು. ಮಾರುತಿಯನ್ನು ಕೆಲವು ದಿನ ಅಲ್ಲೇ ಇಟ್ಟುಕೊಂಡರು. ಆಮೇಲೆ ಬೇರೊಂದು ಗುಳಿಗೆ ಶುರು ಮಾಡಿದರು. ದಿನಾ ಬೆಳಿಗ್ಗೆ ನಾಲಿಗೆಯ ಕೆಳಗೆ ಇಟ್ಟುಕೊಂಡು ಕರಗಿಸಬೇಕು, ನುಂಗಬಾರದು. ಇದರಿಂದ ನಶೆ ಏರುವುದಿಲ್ಲ, ಮೈ ಸೆಳೆತ ನಿಲ್ಲುತ್ತದೆ, ಹಂಬಲ ತಗ್ಗುತ್ತದೆ. ತಿಂಗಳುಗಟ್ಟಲೆ ಬೇಕು, ವರ್ಷವೂ ಆದೀತು, ಬಿ.ಪಿ. ಗುಳಿಗೆಯ ಹಾಗೆ ಎಂದುಕೊಳ್ಳಿ ಎಂದರು. ಒಂದು ಎಚ್ಚರಿಕೆಯನ್ನು ಎರಡು ಸಲ ಹೇಳಿದರು: ಇದನ್ನು ನಡುವೆ ಬಿಟ್ಟು, ಮತ್ತೆ ಹಳೆಯ ಕ್ಯಾಪ್ಸೂಲನ್ನು ಹಳೆಯ ಲೆಕ್ಕದಲ್ಲೇ ನುಂಗಿದರೆ ಉಸಿರೇ ನಿಲ್ಲಬಹುದು. ರುಕ್ಮಿಣಿ ಅದನ್ನು ಗಂಡನ ಬಾಯಲ್ಲಿ ಮತ್ತೊಮ್ಮೆ ಹೇಳಿಸಿದಳು.

ಅಷ್ಟಕ್ಕೇ ಸುಮ್ಮನಿದ್ದರೆ ನಾನು ನಾನಾಗುತ್ತಿರಲಿಲ್ಲ. ಮಾಡಿದ ತಪ್ಪು ಚುಚ್ಚುತ್ತಿತ್ತು. ಇಡೀ ಗಂಜನ್ನು ಒಂದೇ ದಿನದಲ್ಲಿ ಸರಿಮಾಡಿಬಿಡುವ ಆವೇಶ ಬಂತು. ಮಾರುತಿ ಇನ್ನೂ ದವಾಖಾನೆಯಲ್ಲಿರುವಾಗಲೇ ದಸರೆ ಬಂತು. ಆ ದಿನ ಪ್ರತಿ ಟೋಳಿಯೂ ತನ್ನ ಕಾಟಾಕ್ಕೆ, ಎಂದರೆ ಹಳೆಯ ದೊಡ್ಡ ತಕ್ಕಡಿಗೆ, ಪೂಜೆ ಮಾಡುತ್ತದೆ. ಈಗ ತೂಕವೆಲ್ಲ ಕರೆಂಟಿನ ಯಂತ್ರದ್ದೇ. ಆದರೂ ಹಳೆಯ ಕಾಟಾವನ್ನು ಯಾರೂ ಗುಜರಿಗೆ ಹಾಕಿಲ್ಲ. ಅದನ್ನು ಮುಟ್ಟಿ ಮಾಡಿದ ಆಣೆಯನ್ನು ಹಿಂದೂಗಳೂ ಮುರಿಯುವುದಿಲ್ಲ, ಮುಸಲ್ಮಾನರೂ ಮುರಿಯುವುದಿಲ್ಲ. ಕುಂಕುಮ ಒಬ್ಬರು ಹಚ್ಚಿದರು, ಲೋಬಾನದ ಹೊಗೆ ಖಾಜಾಮಿಯಾ ಹಾಕಿದರು. ನಾನು ಮುಂದೆ ನಿಂತು ಭಾಷಣ ಬಿಗಿದೆ.

"ಇವತ್ತಿಂದ ನನ್ನ ಅಂಗಡಿದಾಗ ಅದು ಸಿಗಂಗಿಲ್ಲ. ನೀವೂ ಯಾವ ಗುಳಿಗೀನೂ ಮುಟ್ಟಬ್ಯಾಡ್ರಿ. ಯಾರ ಕಿಸೆದಾಗ ಗುಳಿಗಿ ಕಂಡ್ರೂ ಹಿಡದು ಗಟಾರಕ್ಕ ಒಗೀರಿ!"

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಮೊದಲು ಖಾಜಾಮಿಯಾ ಕಾಟಾದ ಮೇಲೆ ಕೈಯಿಟ್ಟರು. ಉಳಿದವರೂ ಇಟ್ಟರು. ನನಗೆ ಊರನ್ನೇ ಗೆದ್ದಷ್ಟು ಖುಷಿಯಾಗಿತ್ತು.

ಎಂಟು ದಿನಕ್ಕೆ ಅದರ ಮೊದಲ ಫಲ ಕಂಡಿತು. ಬಗದಲ್‌ನಿಂದ ದಿನಾ ಬಸ್ಸಿಗೆ ಬರುವ, ಅದೇ ಟೋಳಿಯ ತುಕಾರಾಮ ತಲೆ ತಿರುಗುತ್ತದೆ ಎಂದು ನನ್ನ ಅಂಗಡಿಯ ಮೆಟ್ಟಿಲಲ್ಲಿ ಕುಸಿದ. ಬಿ.ಪಿ. ನೋಡಿದರೆ ಗಾಬರಿಯಾಗುವಷ್ಟು ಏರಿದೆ.

"ಗುಳಿಗಿ ತಗೊಂಡಿಲ್ಲೇನೋ?"

"ಹ್ಯಾಂಗ ತಗೊಳ್ಳಿರಿ ಅಕ್ಕಾ? ಕಾಟಾ ಮುಟ್ಟೀನಿ. ಯಾವ ಗುಳಿಗೀನೂ ಬ್ಯಾಡ ಅಂತ ನೀವೇ ಅಂದೀರಿ. ಎಲ್ಲಾ ಗಟಾರಕ್ಕ ಹಾಕೀನ್ರಿ."

ಹೊಟ್ಟೆ ಹಿಡಿದುಕೊಂಡು ನಕ್ಕೆ. ಬಿ.ಪಿ. ಗುಳಿಗೆ ಬೇರೆ ಮಾರಾಯಾ ಎಂದು ಅವನಿಗೊಬ್ಬನಿಗೆ ತಿಳಿಸಿ ಹೇಳಿ, ಬಾಯಿಗೆ ಗುಳಿಗೆ ಹಾಕಿಸಿ ಕಳಿಸಿದೆ. ಮನೆಯಲ್ಲೂ ಇದನ್ನು ಹೇಳಿ ನಗಿಸಿದೆ. ಎದುರಿಗಿದ್ದ ಟೋಳಿಯ ಬಳಿಗೆ ಹೋಗಿ ನನ್ನ ಮಾತನ್ನು ತಿದ್ದಬೇಕು ಎಂದು ಮಾತ್ರ ಹೊಳೆಯಲಿಲ್ಲ. ಬುದ್ಧಿವಂತೆ ಎಂದು ಕರೆಸಿಕೊಂಡವಳಿಗೆ ಅಷ್ಟೂ ತಿಳಿಯಲಿಲ್ಲ.

ಮಾರುತಿ ಸೋಯಾ ಜೋರಾಗಿದ್ದಾಗ ಮರಳಿ ಬಂದ. ಮುಖದಲ್ಲಿ ಕಳೆ ಇತ್ತು, ಹೊಟ್ಟೆ ತುಂಬ ಉಣ್ಣುತ್ತಿದ್ದ. ಖಾಜಾಮಿಯಾ ಅವನನ್ನು ಅಪ್ಪಿಕೊಂಡು ನೇರ ಕಾಟಾದ ಬಳಿಗೆ ಕರೆದೊಯ್ದರು. ಎಲ್ಲರೂ ಮಾಡಿದ ಆಣೆ ಅವನೊಬ್ಬನದು ಬಾಕಿ ಇತ್ತಲ್ಲ. ಡಾಕ್ಟರಮ್ಮ ಕೊಟ್ಟ ವಾರದ ಗುಳಿಗೆಗಳನ್ನು ಕಿಸೆಯಲ್ಲಿಟ್ಟುಕೊಂಡೇ ಅವನು ಕೈ ಮುಂದೆ ಮಾಡಿದ. ಆ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಗಿರಾಕಿಗಳ ಹಿಂದೆ ನಿಂತ.

"ಅಕ್ಕಾ, ಕಾಟಾ ಮುಟ್ಟೀನ್ರಿ. ಈ ಗುಳಿಗಿ ತಗೊಂಡ್ರ ಆಣಿ ಮುರದಂಗಾಗ್ತದೇನ್ರಿ?"

"ಏ ಹೋಗೋ, ಏನೂ ಆಗಂಗಿಲ್ಲ. ತಗೋ ಸುಮ್ನ" ಎಂದೆ, ಚಿಲ್ಲರೆ ಎಣಿಸುತ್ತ. ಅವನು ಇನ್ನೂ ಸ್ವಲ್ಪ ಹೊತ್ತು ನಿಂತು ಹೋದ. ಅವನಿಗೆ ಬೇಕಾಗಿದ್ದದ್ದು ನನ್ನ ಅಪ್ಪಣೆಯಲ್ಲ. ನಾನು ರಸ್ತೆ ದಾಟಿ ಹೋಗಿ ಟೋಳಿಗೆ ಹೇಳುವುದು. ಇದು ನನಗೆ ತಿಳಿದದ್ದು ಹದಿನೈದು ದಿನಗಳ ಮೇಲೆ.

ಆ ಹದಿನೈದನೆಯ ದಿನ ಊಟಕ್ಕೆ ಮನೆಗೆ ಹೋಗಿ ಬಂದೆ. ಖಾಜಾಮಿಯಾ ಅಂಗಡಿಯ ಮುಂದೆ ಕಾಯುತ್ತಿದ್ದರು.

"ಬೇಟಿ, ನಿಮ್ಮ ಮಾತಿನಂಗೇ ಮಾಡೀನಿ ನೋಡ್ರಿ. ಮಾರುತಿ ಅಂಗಿ ಕಳದು ಲಾರಿಗಿ ಹಾಕಿದ್ದ, ಕಿಸೆದಿಂದ ಗುಳಿಗಿ ಬಿತ್ತು. ಕಾಟಾ ಮುಟ್ಟಿ ಧೋಕಾ! ಎಲ್ಲಾರ ಎದುರಿಗೇ ಗಟಾರಕ್ಕ ಒಗದೆ. ಇನ್ನೊಮ್ಮೆ ಟೋಳಿದಾಗ ಕಾಲಿಡಬ್ಯಾಡ ಅಂದೆ."

"ಚಾಚಾ, ಅದು ಡಾಕ್ಟರ ಕೊಟ್ಟಿದ್ದು! ಆ ಚಟ ಬಿಡಸೂ ದವಾ ಅದು!"

ಅವರು ನನ್ನ ಮುಖವನ್ನೇ ನೋಡಿದರು. "ಗುಳಿಗಿ ಬಿಡಸ್ಲಿಕ್ಕ ಗುಳಿಗೀನಾ?"

"ಹೌದ್ರಿ. ನಾ ಹೇಳಬೇಕಿತ್ತು, ಹೇಳಲಿಲ್ಲ."

ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಸುಗ್ಗಿಯಲ್ಲಿ ಅವರು ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮಾರುತಿ ಕೋಣೆಯಲ್ಲಿ ಇರಲಿಲ್ಲ. ಫೋನು ಎತ್ತಲಿಲ್ಲ. ಎಕಂಬಾಕ್ಕೆ ಫೋನು ಮಾಡಿದರೆ, ಅವನು ಇಲ್ಲಿಗೆ ಬಂದಿಲ್ಲ ಎಂದಳು ರುಕ್ಮಿಣಿ. ಡಾಕ್ಟರಮ್ಮನಿಗೆ ತಿಳಿಸಿದೆ. ಸಿಕ್ಕ ಕೂಡಲೇ ಕರೆತನ್ನಿ, ಹಳೆಯದನ್ನು ನುಂಗುವ ಮೊದಲು ಸಿಗಬೇಕು ಎಂದರು. ಮೂರು ದಿನ ಅವನ ಫೋನಿಗೆ ಮಾಡುತ್ತಲೇ ಇದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ರುಕ್ಮಿಣಿಯ ಫೋನು ಬಂತು. ಭಾಲ್ಕಿಯಲ್ಲಿ ಅವಳ ತಂಗಿಯ ಮನೆಯಿದೆ. ತಂಗಿಯ ಗಂಡ ಮಾರುತಿಯನ್ನು ಅಲ್ಲಿಯ ಅಡತಿಯ, ಎಂದರೆ ಧಾನ್ಯದ ದಲಾಲಿ ಅಂಗಡಿಯ, ಅಂಗಳದಲ್ಲಿ ಕಂಡನಂತೆ. ನಾನು, ಖಾಜಾಮಿಯಾ ಮೊದಲ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಸೋಯಾ ಕಟಾವಾದ ಬೋಳು ಹೊಲಗಳು, ನಡುವೆ ಹಸಿರು ತೊಗರಿ. ಖಾಜಾಮಿಯಾ ಕಿಟಕಿಯ ಸರಳು ಹಿಡಿದೇ ಕುಳಿತಿದ್ದರು.

ನಾವು ಹೋಗುವ ಹೊತ್ತಿಗೆ ರುಕ್ಮಿಣಿ ಅಲ್ಲಿದ್ದಳು. ತಗಡಿನ ಶೆಡ್ಡಿನಲ್ಲಿ ಖಾಲಿ ಚೀಲಗಳ ಮೇಲೆ ಮಾರುತಿ ಕುಳಿತಿದ್ದ. ಬಿಸಿಲೇರಿದ್ದರೂ ಕಂಬಳಿ ಹೊದ್ದಿದ್ದ. ಮೂಗು, ಕಣ್ಣು ಸೋರುತ್ತಿದ್ದವು, ಮೊಣಕಾಲು ತಮ್ಮಷ್ಟಕ್ಕೆ ತಾವೇ ಅಲುಗುತ್ತಿದ್ದವು. ಬಲಗೈ ಮುಷ್ಟಿಯಲ್ಲಿ ಒಂದು ತುಂಬಿದ ಪಟ್ಟಿ, ಆ ಹಳೆಯ ಕ್ಯಾಪ್ಸೂಲಿನದು.

"ತಗೊಂಡಿಯೇನೋ?" ಎಂದೆ.

ಇಲ್ಲವೆಂದು ತಲೆಯಲ್ಲಾಡಿಸಿದ. "ನಿನ್ನೆಯಿಂದ ಹಿಡಕೊಂಡು ಕುಂತೀನ್ರಿ. ಉಸುರು ನಿಲ್ತದಂತ ಡಾಕ್ಟರಮ್ಮ ಹೇಳ್ಯಾರ. ನುಂಗ್ಲಿಕ್ಕೂ ಆಗವಲ್ದು, ಒಗೀಲಿಕ್ಕೂ ಆಗವಲ್ದು."

ರುಕ್ಮಿಣಿ ಖಾಜಾಮಿಯಾ ಅವರ ಕಡೆ ತಿರುಗಿದಳು. "ಹದಿನೈದು ದಿನ ಮನುಷ್ಯಾ ಛಲೋ ಉಂಡಿದ್ದ, ಫೋನಿನಾಗ ಮಕ್ಕಳ ಜೋಡಿ ನಕ್ಕಿದ್ದ. ಅದನ್ನ ಗಟಾರಕ್ಕ ಒಗದ್ರಲ್ರಿ ಚಾಚಾ."

ಅವರು ಮಾರುತಿಯ ಪಕ್ಕದಲ್ಲಿ ಚೀಲದ ಮೇಲೆ ಕುಳಿತು ಕೈ ಚಾಚಿದರು. ಮಾರುತಿ ಬಹಳ ಹೊತ್ತು ನೋಡಿ ಪಟ್ಟಿಯನ್ನು ಅವರ ಕೈಗಿಟ್ಟ. ಅವರು ಅದನ್ನು ತಮ್ಮ ಕಿಸೆಗೆ ಹಾಕಿಕೊಂಡು, "ನಡಿ ಬೇಟಾ, ಟೋಳಿ ಕಾಯ್ಲಕತ್ತದ" ಎಂದರು. ಅಲ್ಲಿಂದ ನೇರ ಬೀದರಿನ ದವಾಖಾನೆಗೆ ಬಂದೆವು. ಡಾಕ್ಟರಮ್ಮ ಪರೀಕ್ಷೆ ಮಾಡಿ ಅಂದೇ ಮತ್ತೆ ಗುಳಿಗೆ ಶುರು ಮಾಡಿದರು. ಸಂಜೆಗೆ ಅವನ ಮೊಣಕಾಲಿನ ನಡುಕ ನಿಂತಿತು. ರುಕ್ಮಿಣಿ ಅಲ್ಲೇ ಗೋಡೆಗೊರಗಿ ನಿದ್ದೆ ಹೋದಳು.

ಮರುದಿನ ಬೆಳಿಗ್ಗೆ ನಾನು ಮತ್ತೆ ಅದೇ ಕಾಟಾದ ಮುಂದೆ ನಿಂತೆ. ಈ ಸಲ ದನಿ ಏರಲಿಲ್ಲ. ಚೀಟಿಯಿಲ್ಲದೆ ವರ್ಷಗಟ್ಟಲೆ ಮಾರಿದವಳು ನಾನೇ ಎಂದೆ. ಎಲ್ಲ ಗುಳಿಗೆಯೂ ಒಂದೇ ಅಲ್ಲ ಎಂದೆ. ದಸರೆಯ ದಿನ ಹೇಳಿದ್ದು ತಪ್ಪು, ಅದರಿಂದ ಒಬ್ಬನ ಜೀವ ಹೋಗುವುದರಲ್ಲಿತ್ತು ಎಂದೆ. ತುಕಾರಾಮ ಹಿಂದಿನಿಂದ, "ನಂದೂ ಹೋಗೂದಿತ್ತು, ಅದನ್ನೂ ಹೇಳ್ರಿ ಅಕ್ಕಾ" ಎಂದ. ಸ್ವಲ್ಪ ನಗೆ ಎದ್ದಿತು, ನನ್ನ ಕಣ್ಣು ಒದ್ದೆಯಾಯಿತು.

ಮಾರುತಿ ದಿನಾ ಯಾರಾದರೊಬ್ಬರ ಎದುರಿಗೆ ಗುಳಿಗೆ ತೆಗೆದುಕೊಳ್ಳುವುದು ಒಳ್ಳೆಯದು ಎಂದು ಡಾಕ್ಟರಮ್ಮ ಹೇಳಿದ್ದರು. ಟೋಳಿಯ ಎದುರಿಗೇ ಆಗಲಿ ಎಂದು ತೀರ್ಮಾನವಾಯಿತು. ಗುಳಿಗೆಗಳನ್ನು ಮುಕಾದಮರೇ ಇಟ್ಟುಕೊಳ್ಳಲಿ ಎಂದೆ. ಖಾಜಾಮಿಯಾ ಗಾಬರಿಯಿಂದ ಹಿಂದೆ ಸರಿದರು. "ನನ್ನ ಕೈಯಾಗ ಬ್ಯಾಡ ಬೇಟಿ, ನೀವೇ ಇಟ್ಕೊಳ್ರಿ." ಪಶ್ಚಾತ್ತಾಪ ಎಂದುಕೊಂಡು, ಅಂಗಡಿಯ ಬೀಗ ಹಾಕುವ ಖಾನೆಯಲ್ಲಿ ನಾನೇ ಇಟ್ಟುಕೊಂಡೆ.

ಆಗ ಒಂದು ತೊಡಕು ಬಂತು. ಟೋಳಿಯ ದಿನದ ಮೊದಲ ಚಹಾವನ್ನು ಎಲ್ಲರೂ ಒಟ್ಟಿಗೇ ಕುಡಿಯಬೇಕು. ಒಬ್ಬ ಬಾಕಿ ಇದ್ದರೂ ಉಳಿದವರು ಗ್ಲಾಸು ಎತ್ತುವುದಿಲ್ಲ. ನಾಲಿಗೆಯ ಕೆಳಗೆ ಗುಳಿಗೆ ಇಟ್ಟುಕೊಂಡವನು ಅದು ಕರಗುವವರೆಗೆ ನೀರೂ ಕುಡಿಯುವಂತಿಲ್ಲ, ಮಾತೂ ಆಡುವಂತಿಲ್ಲ. ಹತ್ತು ನಿಮಿಷವಾದರೂ ಬೇಕು. ಹಿಂದಿನಿಂದ ಕುಡಿಯುತ್ತೇನೆ ಎಂದು ಮಾರುತಿ ಕೈಸನ್ನೆ ಮಾಡಿದ. ಖಾಜಾಮಿಯಾ ಒಪ್ಪಲಿಲ್ಲ. "ಕರಗ್ಲಿ, ಮ್ಯಾಲೆ ಕುಡೀತೇವಿ" ಎಂದರು.

ಹಾಗೆ ಶುರುವಾಯಿತು. ಹನ್ನೊಂದು ಗ್ಲಾಸು ಚಹಾ ಹಲಗೆಯ ಮೇಲೆ ಕೆನೆಗಟ್ಟುತ್ತ ಕೂಡುತ್ತಿತ್ತು. ಬಾಯಿ ಬಿಟ್ಟರೆ ಬೈಗುಳವೇ ಬರುವ ಆ ಗಂಡಸರು ಮಾರುತಿಗೆ ಮಾತಾಡುವ ಆಸೆ ಹುಟ್ಟಬಾರದೆಂದು ತಾವೂ ಸುಮ್ಮನೆ ಕೂಡುತ್ತಿದ್ದರು. ಅಡತಿಯ ಸಾಹುಕಾರನೊಬ್ಬ "ಲಾರಿ ನಿಂತಾವಲ್ರೋ, ಇದೇನು ಮೌನವ್ರತ?" ಎಂದು ಕೂಗಿದರೆ ಖಾಜಾಮಿಯಾ ಕೈಯೆತ್ತಿ ತಡೆಯುತ್ತಿದ್ದರು. ಗುಳಿಗೆ ಕರಗಿದ ಮೇಲೆ ಮಾರುತಿ ನಾಲಿಗೆ ಎತ್ತಿ ತೋರಿಸಿ "ಕುಡೀರ್ಯೋ" ಎನ್ನುತ್ತಿದ್ದ. ಆಮೇಲೆ ಗದ್ದಲವೋ ಗದ್ದಲ. ಅಷ್ಟು ತಣ್ಣಗಿನ ಚಹಾ ಗಂಜಿನಲ್ಲಿ ಯಾರೂ ಕುಡಿದಿರಲಾರರು. ಆ ಚಳಿಗಾಲದಲ್ಲಿ ಇನ್ನೂ ಇಬ್ಬರು, ಒಬ್ಬೊಬ್ಬರಾಗಿ, ಯಾರಿಗೂ ಕೇಳದಂತೆ ನನ್ನ ಬಳಿ ಬಂದು ಡಾಕ್ಟರಮ್ಮನ ವಿಳಾಸ ಕೇಳಿದರು.

ಸಂಕ್ರಾಂತಿ ಕಳೆದು ತೊಗರಿ ಬರತೊಡಗಿತ್ತು. ಒಂದು ಬೆಳಿಗ್ಗೆ ಮಾರುತಿಯ ಕೈಗೆ ಗುಳಿಗೆ ಕೊಟ್ಟು ಅಲ್ಲೇ ನಿಂತಿದ್ದೆ. ಅವನು ನಾಲಿಗೆಯ ಕೆಳಗೆ ಇಟ್ಟುಕೊಂಡ, ಎಲ್ಲರೂ ಸುಮ್ಮನಾದರು. ಖಾಜಾಮಿಯಾ ಒಂದರ ಹಿಂದೆ ಒಂದು ಆಕಳಿಸುತ್ತಿದ್ದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ತೋಳ ಮೇಲಿನ ಕೂದಲು ನೆಟ್ಟಗೆ ನಿಂತಿದ್ದವು. ಚಳಿಯಿರಬೇಕು ಎಂದುಕೊಂಡೆ. ಆಮೇಲೆ ಅವರ ಮೊಣಕಾಲು ನೋಡಿದೆ, ಭಾಲ್ಕಿಯಲ್ಲಿ ಮಾರುತಿಯವು ಅಲುಗಿದ ಹಾಗೆಯೇ ಅಲುಗುತ್ತಿದ್ದವು.

"ಬೇಟಿ," ಎಂದರು, ಎಲ್ಲರಿಗೂ ಕೇಳುವಂತೆ. "ಭಾಲ್ಕಿದಾಗ ಇವನ ಕೈಲಿಂದ ಇಸ್ಕೊಂಡ ಪಟ್ಟಿ ಒಗೀಲಿಲ್ರಿ. ಮನಿಗಿ ಹೋಗಿ ನಾನೇ ನುಂಗ್ದೆ. ಈ ಚಟಕ್ಕ ಏಳು ವರ್ಷ ಆಯ್ತು. ಈಗ ಮೂರ್ ದಿನದಿಂದ ಬಿಟ್ಟೀನಿ, ಆಗವಲ್ದು. ಕಾಟಾ ಮುಟ್ಟಿ ಸುಳ್ಳ್ ಹೇಳ್ದವ ನಾನು, ಗುಳಿಗಿ ಗಟಾರಕ್ಕ ಒಗಸ್ಕೊಂಡವ ಅವ."

ಎಲ್ಲರ ಕಣ್ಣೂ ಮಾರುತಿಯ ಕಡೆ ಹೋಯಿತು. ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅವನಿಗಿತ್ತು. ಅವನ ಬಾಯಿ ಮುಚ್ಚಿತ್ತು, ಗುಳಿಗೆ ಇನ್ನೂ ಕರಗಿರಲಿಲ್ಲ. ಅವನು ಎದ್ದ. ಗೋಡೆಯ ಬದಿಗೆ ಹೋಗಿ ಖಾಜಾಮಿಯಾ ಅವರ ಚಪ್ಪಲಿಗಳನ್ನು ಹುಡುಕಿ ತಂದ. ದವಾಖಾನೆಯ ರಸ್ತೆಯ ಕಡೆಗೆ ತುದಿ ಮಾಡಿ ಅವರ ಕಾಲ ಮುಂದೆ ಜೋಡಿಸಿಟ್ಟ. ಆಮೇಲೆ ಬಗ್ಗಿ, ಅವರ ಕಂಕುಳಿಗೆ ಕೈಕೊಟ್ಟು ಎತ್ತಿದ. ತುಕಾರಾಮ ಇನ್ನೊಂದು ಬದಿಗೆ ಬಂದ. ನಾನು ಶಟರು ಎಳೆದು ಅವರ ಹಿಂದೆ ನಡೆದೆ.